ಕಾಳಿಬಾಯಿಯನ್ನು ಕೆಡವಿಸಿದವರು

ಹೋದ ತಿಂಗಳು ಅಂಕೋಲೆಯ ಬೊಬ್ರುವಾಡದಲ್ಲಿ ಅವರು ತೀರಿಕೊಂಡರು. ಸುದ್ದಿ ನನಗೆ ಸಿಕ್ಕಿದ್ದು ಕೋಡಿಬಾಗದಲ್ಲಿ, ಮೀನು ಕೊಳ್ಳುವಾಗ. ಬಂಗಡೆ ಎಣಿಸಿ ಚೀಲಕ್ಕೆ ಹಾಕುತ್ತಿದ್ದ ಹೆಂಗಸು ತಲೆಯೆತ್ತದೆ ಹೇಳಿದಳು: “ಅಕ್ಕೋರೆ, ಗೊತ್ತಾಯ್ತಾ? ನಮ್ಮ ಕಾಳಿಬಾಯಿನ ಕೆಡವಿಸ್ದವ ಹೋದ್ನಂತೆ. ಅಂಕೋಲೆಯವ.”

ಕಾಳಿಬಾಯಿ ಎಂದರೆ ಕಾಳಿ ಹೊಳೆಯ ದಂಡೆಯಲ್ಲಿ, ಹೊಳೆ ಸಮುದ್ರ ಸೇರುವಲ್ಲಿ ನಿಂತಿದ್ದ ನಲವತ್ತು ಅಡಿಯ ಸಿಮೆಂಟಿನ ಹೆಂಗಸು. ಸೊಂಟದ ಮೇಲೆ ಬುಟ್ಟಿ, ಹಣೆಗೆ ಅಡ್ಡ ಹಿಡಿದ ಬಲಗೈ, ನೋಟ ಅಳಿವೆಯ ಕಡೆ. ಅವಳನ್ನು ಕೆಡವಿಸಿದವರು ಅವರೇ, ನಿಜ. ಕಟ್ಟಿದವರೂ ಅವರೇ. ಅದನ್ನು ಅಲ್ಲೇ ನಿಂತು ಹೇಳಬೇಕು ಅನ್ನಿಸಿತು. ಹೇಳದೆ ಚೀಲ ಹಿಡಿದು ಮನೆಗೆ ಬಂದೆ. ಇನ್ನೊಬ್ಬರ ಮಾತು ತಿದ್ದುವ ತ್ರಾಣ ಈಗ ನನ್ನಲ್ಲಿಲ್ಲ. ಶಾಲೆಯಲ್ಲಿ ಮೂವತ್ತು ಚಿಲ್ಲರೆ ವರ್ಷ ಅದನ್ನೇ ಮಾಡಿ ನಿವೃತ್ತಳಾದವಳು. ಬರೆಯುವುದಾದರೆ ಕೂತಲ್ಲೇ ಆಗುತ್ತದೆ.

ಅವರು ನಮ್ಮ ಹಿತ್ತಲಿನ ಕೋಣೆಗೆ ಬಿಡಾರ ಬಂದಾಗ ನಾನು ಕೋಡಿಬಾಗದ ಶಾಲೆಗೆ ಬಂದು ಒಂದು ವರ್ಷವಾಗಿತ್ತಷ್ಟೆ. ಹೊಳೆಯ ದಂಡೆಯಲ್ಲಿ ದೊಡ್ಡದೊಂದು ಮೂರ್ತಿ ಬರುತ್ತದೆಂದು ಊರೆಲ್ಲ ಮಾತು. ಅದಕ್ಕೊಂದು ಸಮಿತಿ, ಒಬ್ಬ ಗುತ್ತಿಗೆದಾರ, ಹೊರಗಿನಿಂದ ಬಂದ ಒಬ್ಬ ಶಿಲ್ಪಿ. ಶಿಲ್ಪಿ ಮೊಳದುದ್ದದ ಮಣ್ಣಿನ ಮಾದರಿ ಮಾಡಿಕೊಟ್ಟು, ಎರಡು ಸಲ ಬಂದುಹೋಗಿ, ಮತ್ತೆ ಬರಲಿಲ್ಲ. ಮೊಳದುದ್ದದ್ದನ್ನು ನಲವತ್ತು ಅಡಿ ಮಾಡಬೇಕಾದವರು ಇವರು. ಬೊಬ್ರುವಾಡದಲ್ಲಿ ತಂದೆಯ ಕಾಲದಿಂದ ಚೌತಿಗೆ ಮಣ್ಣಿನ ಗಣಪತಿ ಮಾಡುವ ಮನೆ ಅವರದು. ಮಳೆ ಮುಗಿದ ಮೇಲೆ ಗಾರೆ ಕೆಲಸ. ಎಲ್ಲರೂ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ನಾವೂ ಹಾಗೇ ಕರೆದೆವು.

ಗಿಡ್ಡ ಆಳು. ಹೊರೆ ಹೊತ್ತು ಎಡಭುಜ ಸ್ವಲ್ಪ ಇಳಿದಿತ್ತು. ಮಾತಾಡುವಾಗ ಎದುರಿನವರ ಮುಖ ನೋಡುವ ರೂಢಿ ಇರಲಿಲ್ಲ. ಗೋಡೆಯನ್ನೋ ಮೆಟ್ಟಿಲನ್ನೋ ನೋಡಿ ಮಾತಾಡುತ್ತಿದ್ದರು, ಅದು ನೆಟ್ಟಗಿದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡುವವರ ಹಾಗೆ. ಬಂದ ದಿನವೇ ನಮ್ಮ ಅಂಗಳದ ಮೂಲೆಯಲ್ಲಿ ರಾಶಿ ಹಾಕಿದ್ದ ಮರಳನ್ನು ಒಂದು ಚಿಟಿಕೆ ತೆಗೆದು ನಾಲಿಗೆಗೆ ಇಟ್ಟು, ಉಗುಳಿದರು.

“ಇದ್ರಲ್ಲಿ ಕಟ್ಟಬೇಡ್ರಿ ಅಕ್ಕೋರೆ. ಉಪ್ಪು ಅದೆ. ಮೇಲಿನ ಹೊಳೆ ಮರಳು ತರ್ಸಿ.”

ನನ್ನ ಅತ್ತೆ ಒಳಗಿನಿಂದ ಇಣುಕಿ ನೋಡಿ, “ಮರಳು ತಿಂತಾನಲ್ಲ ಗೋ ಇವ!” ಎಂದು ನಕ್ಕರು. ಆದರೂ ಮರಳನ್ನು ಬದಲಿಸಿದೆವು. ಆ ಕಂಪೌಂಡು ಇವತ್ತಿಗೂ ಗಟ್ಟಿಯಾಗಿದೆ.

ಮೂರ್ತಿ ಸೊಂಟದವರೆಗೆ ಎದ್ದಾಗ ಜಗಳ ಶುರುವಾಯಿತು. ಹೊಳೆಯಲ್ಲಿ ಇಳಿದು ಚಿಪ್ಪು ಆರಿಸುವ ಹೆಂಗಸು ಎಂದೇನೋ ನಿಶ್ಚಯವಾಗಿತ್ತು. ಆದರೆ ಯಾವ ಜಾತಿಯ ಹೆಂಗಸು? ಸೀರೆಯ ಕಚ್ಚೆ ನಮ್ಮವರ ಹಾಗಿರಲಿ ಎಂದು ಕೆಲವರು, ಅದು ಅವರ ಕಚ್ಚೆಯಾಯಿತು ಎಂದು ಕೆಲವರು. ಮೂಗಿನ ನತ್ತಿನ ಬಗ್ಗೆ ಎರಡು ಸಭೆ ನಡೆದವು. ಮೇಸ್ತ್ರಿ ಎಲ್ಲರ ಮಾತನ್ನೂ ಕೇಳಿ, ಎಲ್ಲರಿಗೂ “ಹೌದ್ರಾ” ಎಂದು ಬಂದು, ನಮ್ಮ ಅಡುಗೆಮನೆಯ ಬಾಗಿಲಲ್ಲಿ ಕುಳಿತು ಅತ್ತೆಯನ್ನು ಕೇಳಿದರು:

“ಅಮ್ಮಾ, ನೀವು ಸಣ್ಣೋರಿದ್ದಾಗ ಹೊಳೆಗೆ ಇಳೀತಿದ್ರಲ್ಲ. ಸೀರೆ ಹೆಂಗೆ ಕಟ್ತಿದ್ರಿ?”

ಅತ್ತೆಗೆ ಆಗ ಎಪ್ಪತ್ತರ ಹತ್ತಿರ. ಮನೆಯಲ್ಲಿ ಕೊಂಕಣಿಯೇ ಆಡುವವರು. ಕನ್ನಡ ಬೇಕಾದಷ್ಟು ಮಾತ್ರ. ಸೌಟು ಕೆಳಗಿಟ್ಟು, ಸೆರಗನ್ನು ಸೊಂಟಕ್ಕೆ ಬಿಗಿದು, ನೆರಿಗೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಸಿಕ್ಕಿಸಿ ನಿಂತೇಬಿಟ್ಟರು. “ನೀರಿಗೆ ಇಳಿದ್ರೆ ಎಲ್ಲಾರದ್ದೂ ಹೀಗೇ ಬಾಬಾ. ಅಲ್ಲಿ ಜಾತಿ ಎಲ್ಲಿ ನೋಡ್ತಿ? ಒದ್ದೆ ಆಗೂದಿಲ್ಲವಾ ಸೀರೆ?”

ಮೇಸ್ತ್ರಿ ಅಂಗಳಕ್ಕಿಳಿದು, ದೂರ ನಿಂತು, ಕಣ್ಣು ಸಣ್ಣ ಮಾಡಿ ನೋಡಿದರು. ಮರುದಿನದಿಂದ ಮೂರ್ತಿಯ ಸೀರೆ ಅತ್ತೆಯ ಸೀರೆಯಂತೆಯೇ ಮೇಲೇರಿತು. ಸಮಿತಿಯವರು ಬಂದು ನೋಡಿದರೆ ಯಾರ ಕಚ್ಚೆಯೆಂದು ಯಾರಿಗೂ ಹೇಳಲಾಗಲಿಲ್ಲ. ನತ್ತು ಇರಲಿಲ್ಲ. ಯಾರೋ ಕೇಳಿದ್ದಕ್ಕೆ, “ಹೊಳೇಲಿ ಬಿದ್ರೆ ಯಾರು ಹುಡ್ಕೂದು? ಮನೇಲಿ ಇಟ್ಟು ಬಂದಾಳೆ” ಎಂದರಂತೆ.

ಮಳೆಗಾಲಕ್ಕೆ ಮುಂಚೆ ಮಂತ್ರಿಗಳು ಬಂದು ಉದ್ಘಾಟನೆಯಾಯಿತು. ಮೇಸ್ತ್ರಿ ಬಿಡಾರ ಬಿಟ್ಟು ಅಂಕೋಲೆಗೆ ಹೋದರು. ಹೋಗುವಾಗ ಕೋಣೆಯನ್ನು ಗುಡಿಸಿ, ಗೋಡೆಗೆ ಹೊಡೆದಿದ್ದ ಮೊಳೆಯ ತೂತಿಗೆ ಸುಣ್ಣ ಮೆತ್ತಿ ಹೋಗಿದ್ದರು.

ಕಾಳಿಬಾಯಿ ಎಂಬ ಹೆಸರು ಸಮಿತಿ ಇಟ್ಟದ್ದಲ್ಲ, ದೋಣಿಯವರು ಇಟ್ಟದ್ದು. ನಮ್ಮ ಅಳಿವೆಯಲ್ಲಿ ನೀರಿನಡಿ ಮರಳಿನ ದಿಬ್ಬಗಳಿವೆ. ದೋಣಿ ಒಳಗೆ ಬರಲು ಆಳದ ದಾರಿ ಒಂದೇ, ಅದೂ ಕಿರಿದು. ಮೂರ್ತಿ ಎದ್ದು ಎರಡು ವರ್ಷವಾಗುವ ಹೊತ್ತಿಗೆ ದೋಣಿಯವರು ಒಂದು ಲೆಕ್ಕ ಕಂಡುಕೊಂಡಿದ್ದರು. ಅವಳ ಬಲ ಮೊಣಕೈಯೂ ಹಿಂದಿನ ನೀರಿನ ಟಾಂಕಿಯೂ ಒಂದೇ ಗೆರೆಗೆ ಬಂದಾಗ ಆ ಗೆರೆ ಹಿಡಿದು ನೇರ ಬಂದರೆ ದಿಬ್ಬ ತಾಗುವುದಿಲ್ಲ. ಮಳೆ ಮಬ್ಬಿನಲ್ಲೂ ಅವಳು ಕಾಣುತ್ತಿದ್ದಳು. ಒಬ್ಬ ತಾಂಡೇಲರು, ಎಂದರೆ ದೋಣಿಯ ಯಜಮಾನರು, ಇದನ್ನು, ಒಮ್ಮೆ ನಮ್ಮನ್ನು ಕಂಡುಹೋಗಲು ಬಂದಿದ್ದ ಮೇಸ್ತ್ರಿಗೆ ನಮ್ಮ ಜಗಲಿಯಲ್ಲೇ ವಿವರಿಸಿದರು. “ನಿನ್ನ ಹೆಂಗಸು ನಮ್ಮ ಮಕ್ಳನ್ನ ಮನೆಗೆ ಕರ್ಕೊಂಡು ಬರ್ತಾಳೆ ಮಾರಾಯಾ” ಎಂದು ಬೆನ್ನು ತಟ್ಟಿದರು.

ಇವರು ಹಿಗ್ಗಬೇಕಿತ್ತು. ಮುಖ ಕಪ್ಪಾಯಿತು. ಚಹಾ ಅರ್ಧಕ್ಕೆ ಬಿಟ್ಟು, “ಬಸ್ಸಿಗೆ ಹೊತ್ತಾಯ್ತು, ಬತ್ತೆ” ಎಂದು ಎದ್ದು ಹೋದರು. ಹೊಗಳಿಕೆ ತಡೆಯಲಾರದ ಮನುಷ್ಯ ಎಂದುಕೊಂಡೆ ನಾನು.

ನಾಲ್ಕನೆಯ ವರ್ಷದಿಂದ ಅವರು ತೇಪೆ ಹಾಕಲು ಬರತೊಡಗಿದರು. ಚೌತಿ ಮುಗಿದು, ಮನೆಯ ಗಣಪತಿಗಳೆಲ್ಲ ನೀರು ಸೇರಿದ ಮೇಲೆ, ಒಂದು ಚೀಲದಲ್ಲಿ ಕರಣೆ, ತಂತಿ ಬ್ರಷ್ಷು, ಬಣ್ಣದ ಡಬ್ಬಿ ತುಂಬಿಕೊಂಡು ಬೆಳಗಿನ ಬಸ್ಸಿಗೆ ಇಳಿಯುತ್ತಿದ್ದರು. ಬಿದಿರು ಕಟ್ಟಿ ಹತ್ತಿ, ಸಿಮೆಂಟು ಬಿರಿದಲ್ಲಿ ಕೆರೆದು, ಒಳಗಿನ ಸರಳಿನ ತುಕ್ಕು ಉಜ್ಜಿ, ಬಣ್ಣ ಬಳಿದು, ಹೊಸ ಗಾರೆ ಮೆತ್ತುವುದು. ನಾಲ್ಕು ದಿನ, ಐದು ದಿನ. ಯಾರೂ ಕರೆದಿರಲಿಲ್ಲ. ಸಮಿತಿ ಎಂಬುದು ಆಗಲೇ ಮುಗಿದಿತ್ತು. ನಾನು ಸಂಜೆ ಶಾಲೆಯಿಂದ ಬರುವಾಗ ಕೇಳುತ್ತಿದ್ದೆ:

“ಈ ವರ್ಷ ಎಲ್ಲಿ ಮೇಸ್ತ್ರಿ?”

“ಕಂಕುಳಲ್ಲಿ ಅಕ್ಕೋರೆ. ಹೋದ ವರ್ಷ ಬೆನ್ನು ಇತ್ತಲ್ಲ, ಅದು ಪರವಾಗಿಲ್ಲ. ಬುಟ್ಟಿ ಕೆಳಗೆ ಒಂದು ಕಡೆ ನೀರು ಹೋತದೆ.”

ಹಾಸಿಗೆ ಹಿಡಿದ ಮನೆಯವರ ಸುದ್ದಿ ಹೇಳುವಂತೆ ಹೇಳುತ್ತಿದ್ದರು. ವರ್ಷಗಳು ಹೋದವು. ಅವರ ಹೆಂಡತಿ ತೀರಿಕೊಂಡರು. ನನ್ನ ಅತ್ತೆ ತೀರಿಕೊಂಡರು. ಮೇಸ್ತ್ರಿಯ ಮೊಣಕಾಲು ಹೋಯಿತು. ಆದರೂ ಬರುತ್ತಿದ್ದರು. ಮೊದಲು ಒಂದೇ ಉಸಿರಿಗೆ ಹತ್ತುತ್ತಿದ್ದ ಬಿದಿರನ್ನು ಮೂರು ಕಡೆ ನಿಂತು ಹತ್ತುವುದು. ಇಳಿದ ಮೇಲೆ ಬಹಳ ಹೊತ್ತು ಪೀಠಕ್ಕೆ ಒರಗಿ ಕೂರುವುದು. ಒಮ್ಮೆ ನಾನು ಬೈದೇಬಿಟ್ಟೆ, “ಸಾಕು ಬಿಡಿ ಮೇಸ್ತ್ರಿ, ಸರಕಾರದ ಮೂರ್ತಿ, ಸರಕಾರ ನೋಡಿಕೊಳ್ಳಲಿ” ಎಂದು. ಅವರು ಪೀಠವನ್ನು ನೋಡುತ್ತ, “ಸರ್ಕಾರಕ್ಕೆ ಗೊತ್ತಿಲ್ಲ ಅಕ್ಕೋರೆ” ಎಂದರು. ಅರ್ಧ ಮಾತು ಹೇಳಿ ನಿಲ್ಲಿಸಿದರೆಂದು ಆಗ ನನಗೆ ತೋಚಲಿಲ್ಲ.

ನನ್ನ ನಿವೃತ್ತಿಯ ವರ್ಷ. ನವೆಂಬರಿನಲ್ಲಿ ನಾಲ್ಕನೇ ತರಗತಿಯ ಮಕ್ಕಳನ್ನು ಹೊಳೆದಂಡೆಗೆ ಕರೆದೊಯ್ದಿದ್ದೆ. ಪ್ರತಿವರ್ಷ ಕರೆದೊಯ್ಯುತ್ತಿದ್ದೆ. ಕಾಳಿಬಾಯಿಯ ನೆರಳಿನಲ್ಲಿ ಎರಡು ಸಾಲು ಕೂರಿಸಿ ಅವಲಕ್ಕಿ ಕೊಟ್ಟೆವು. ಹಾಡಿಸಿದೆವು. ಶಾಲೆಗೆ ಮರಳಿ ಹಾಜರಿ ಕರೆಯುತ್ತಿರುವಾಗ ಸುದ್ದಿ ಬಂತು. ನಾವು ಎದ್ದು ಬಂದ ಅರ್ಧ ಗಂಟೆಗೆ ಬುಟ್ಟಿಯ ಅಂಚು ಕಳಚಿ ಬಿದ್ದಿತ್ತು. ಓಡಿದೆ. ರುಬ್ಬುವ ಕಲ್ಲಿನಷ್ಟು ದೊಡ್ಡ ತುಂಡು ಎರಡನೇ ಸಾಲು ಕೂತಿದ್ದ ಜಾಗದಲ್ಲಿ ಹುಲ್ಲಿನೊಳಗೆ ಹೂತುಹೋಗಿತ್ತು. ಸುತ್ತ ಮಕ್ಕಳು ಚೆಲ್ಲಿದ ಅವಲಕ್ಕಿ ಇನ್ನೂ ಬಿಳಿ ಬಿಳಿಯಾಗಿ ಬಿದ್ದಿತ್ತು, ಕಾಗೆಗಳು ಹೆಕ್ಕುತ್ತಿದ್ದವು. ಆ ರಾತ್ರಿ ನಾನು ಊಟ ಮಾಡಲಿಲ್ಲ. ಎರಡನೇ ಸಾಲಿನಲ್ಲಿ ಕೂತವರ ಹೆಸರುಗಳು ಒಂದೊಂದಾಗಿ ನೆನಪಾಗುತ್ತಿದ್ದವು.

ಮೇಸ್ತ್ರಿಗೆ ಫೋನು ಮಾಡಿದ್ದೆ. ಮರುದಿನ ಬೆಳಿಗ್ಗೆ ಬಂದರು. ತುಂಡಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಒಡೆದ ಕಡೆಯಿಂದ ಉಗುರಿನಲ್ಲಿ ಸ್ವಲ್ಪ ಕೆರೆದು, ನಾಲಿಗೆಗೆ ಇಟ್ಟರು. ಉಗುಳಲಿಲ್ಲ. ಹಾಗೇ ನುಂಗಿದರು.

“ಮಕ್ಳು ಎಲ್ಲಿ ಕೂತಿದ್ರು?”

ತೋರಿಸಿದೆ.

“ಅಕ್ಕೋರೆ, ಇದು ಹೊಳೆ ಬಾಯಿ ಮರಳು. ನಂಗೆ ಅವತ್ತೇ ಗೊತ್ತಿತ್ತು.”

ಅವರು ತುಂಡನ್ನು ನೋಡುತ್ತಲೇ ಹೇಳಿದರು.

“ಮೊದ್ಲು ಮೇಲಿನ ಹೊಳೆ ಮರಳೇ ಬರ್ತಿತ್ತು. ಆಮೇಲೆ ಗುತ್ತಿಗೆಯವ ಇಲ್ಲಿಂದ್ಲೇ ತುಂಬ್ಸಿ ತಂದ. ನಾಲಿಗೆಗೆ ಇಟ್ಟು ನೋಡ್ದೆ. ಉಪ್ಪು. ಹೇಳ್ದೆ ಅವಂಗೆ, ಇದು ಒಳಗಿನ ಸರಳು ತಿಂತದೆ ಅಂತೇಳಿ. ಮಂತ್ರಿ ಬರೂ ದಿನ ನಿಶ್ಚಯ ಆಯ್ತು, ನಿಂಗೆ ಆಗದಿದ್ರೆ ಬೇರೆ ಮೇಸ್ತ್ರಿ ತರ್ತೆ ಅಂದ. ಒಂದು ದಿವ್ಸ ಪೂರ್ತಿ ಕೂತು ವಿಚಾರ ಮಾಡ್ದೆ. ಬಿಟ್ಟು ಹೋಗ್ಬೇಕಿತ್ತು. ಹೋಗ್ಲಿಲ್ಲ.”

“ಯಾಕೆ?”

“ಗಣಪತಿ ಮಾಡೂ ಮನೆ ನಮ್ದು. ಎಷ್ಟು ಚೆಂದ ಮಾಡಿದ್ರೂ ನೀರಿಗೇ. ನಮ್ಮಪ್ಪ ಜೀವಮಾನ ಇಡೀ ಮಾಡ್ದ, ತೋರ್ಸುಕೆ ಒಂದು ಇಲ್ಲ. ಉಳಿಯೂದು ಒಂದು ಮಾಡ್ಬೇಕು ಅಂತ ಆಸೆ ಇತ್ತು ಅಕ್ಕೋರೆ. ಅಷ್ಟೇಯ.” ಕೈಯ ಪುಡಿ ಕೊಡವಿ ಎದ್ದು, “ಒಂದು ಅರ್ಜಿ ಬರ್ಕೊಡ್ರಿ. ಇವಳ್ನ ಕೆಡವ್ಬೇಕು.”

ನಾನು ವಾದಿಸಿದೆ. ಬೇಲಿ ಹಾಕಿಸೋಣ, ದೊಡ್ಡ ರಿಪೇರಿಗೆ ಕೇಳೋಣ ಎಂದೆ. ಅವರು ತಲೆಯಾಡಿಸಿದರು. “ಇಷ್ಟು ವರ್ಷ ತೇಪೆ ಹಾಕಿದವ ನಾನು. ಒಳಗೆ ಸರಳು ಪೆನ್ಸಿಲಿನಷ್ಟು ಉಳಿದದೆ. ಎತ್ತಿದ ಕೈ ಯಾವತ್ತು ಬೀಳ್ತದೆ ಹೇಳೂಕಾಗೂದಿಲ್ಲ.”

ನಮ್ಮ ಜಗಲಿಯಲ್ಲಿ ಕೂತು ಅರ್ಜಿ ಬರೆದೆ. ಅವರ ಮೇಲೆ ಬರದಿರಲಿ ಎಂದು ‘ಸಮುದ್ರದ ಉಪ್ಪುಗಾಳಿಯಿಂದ ಮೂರ್ತಿ ಶಿಥಿಲವಾಗಿದ್ದು’ ಎಂದು ಬರೆದು ಓದಿ ಹೇಳಿದೆ. ಅವರು ಅಲ್ಲೇ ತಡೆದರು.

“ಗಾಳಿ ಎಂತ ಮಾಡ್ತು ಪಾಪ? ಅದನ್ನ ಹೊಡ್ದು ಹಾಕ್ರಿ. ಮರಳಲ್ಲಿ ಉಪ್ಪಿತ್ತು, ಕೆಲ್ಸ ಮಾಡ್ದವಂಗೆ ಗೊತ್ತಿತ್ತು ಅಂತ ಬರೀರಿ.”

“ಕೇಸು ಹಾಕಿದರೆ?”

“ಹಾಕ್ಲಿ. ನಂಗೂ ಸಾಕಾಯ್ತು ಅಕ್ಕೋರೆ.”

ಅರ್ಜಿ ಕೊಟ್ಟ ಸರಕಾರಿ ಕಚೇರಿಯ ಇಂಜಿನಿಯರು ಚಿಕ್ಕ ಪ್ರಾಯದವರು, ಒಳ್ಳೆಯವರು. ಅರ್ಜಿಯನ್ನು ಎರಡು ಸಲ ಓದಿ, “ಇದು ನಿಮಗೇ ತೊಂದರೆ ಆಗ್ತದೆ ಮೇಸ್ತ್ರಿ, ಆ ಒಂದು ಸಾಲು ತೆಗೆಯಿರಿ” ಎಂದರು. ಇವರು ತೆಗೆಯಲಿಲ್ಲ. ಕಚೇರಿಯವರು ಮೂರ್ತಿಯ ಸುತ್ತ ಹಗ್ಗ ಕಟ್ಟಿದರು, ಫೈಲು ಮಲಗಿತು. ಪ್ರತಿ ಸೋಮವಾರ ಮೇಸ್ತ್ರಿ ಅಂಕೋಲೆಯಿಂದ ಬಂದು, ಕಚೇರಿಯ ಬೆಂಚಿನ ಮೇಲೆ ಮಧ್ಯಾಹ್ನದವರೆಗೆ ಕೂತು ಹೋಗುತ್ತಿದ್ದರು. ಏನೂ ಕೇಳುತ್ತಿರಲಿಲ್ಲ. ಜವಾನ ಸುಸ್ತಾಗಿ, “ಬಂದ್ರಾ?” ಎಂದಷ್ಟೇ ಕೇಳುವುದು, “ಬಂದೆ” ಎಂದು ಇವರು ಹೇಳುವುದು.

ಊರಿಗೆ ಗೊತ್ತಾದ ಮೇಲೆ ಕಷ್ಟ ಶುರುವಾಯಿತು. ಒಂದು ಸೋಮವಾರ ಮೇಸ್ತ್ರಿ ನಮ್ಮ ಜಗಲಿಯಲ್ಲಿದ್ದಾಗ ದೋಣಿಯವರು ಹತ್ತಿಪ್ಪತ್ತು ಜನ ನಮ್ಮ ಅಂಗಳಕ್ಕೆ ಬಂದರು. ಹಿಂದೆ ಬೆನ್ನು ತಟ್ಟಿದ್ದ ತಾಂಡೇಲರೇ ಮುಂದೆ. ಅವರೂ ಮುದುಕರಾಗಿದ್ದರು.

“ನೀನೇ ಮಾಡಿ ನೀನೇ ಕೆಡವೂದಾ? ತಲೆ ಸಮ ಅದೆಯಾ ನಿಂಗೆ? ನಾವು ಎಂತ ನೋಡ್ಕೊಂಡು ಒಳಗೆ ಬರೂದು?”

“ಮರಳು ಕೆಟ್ಟದ್ದು ಹಾಕಿದ್ದೆ ತಾಂಡೇಲ್ರೆ. ಗೊತ್ತಿದ್ದೇ ಹಾಕ್ದೆ.”

ಯಾರೋ ಹಿಂದಿನಿಂದ ಒಂದು ಕೆಟ್ಟ ಬೈಗುಳ ಬೈದರು. ತಾಂಡೇಲರು ಬೈಯಲಿಲ್ಲ. “ನಾವು ಇಷ್ಟು ವರ್ಷ ಅದನ್ನೇ ನಂಬ್ಕೊಂಡು ಬಂದ್ವು” ಎಂದರು, ಬಹಳ ಮೆತ್ತಗೆ. ಬೈಗುಳಕ್ಕೆ ಕದಲದ ಮೇಸ್ತ್ರಿ ಆ ಮಾತಿಗೆ ತಲೆ ತಗ್ಗಿಸಿದ್ದನ್ನು ನಾನು ನೋಡಿದೆ. ಆಮೇಲೆ ಕೇಳಿದರು: “ನಂಗೆ ಒಂದ್ಸಲ ದೋಣೀಲಿ ಕರ್ಕೊಂಡು ಹೋತ್ರಾ? ನೀವು ಎಂತ ನೋಡ್ತ್ರಿ ಅಂತ ನೋಡ್ಬೇಕು.”

ಅಷ್ಟು ವರ್ಷದಲ್ಲಿ ಅವರು ಒಮ್ಮೆಯೂ ಅವಳನ್ನು ನೀರಿನ ಕಡೆಯಿಂದ ನೋಡಿರಲಿಲ್ಲ.

ಎರಡು ದಿನದ ನಂತರ, ಬೆಳಿಗ್ಗೆ, ತಾಂಡೇಲರು ಅವರನ್ನು ಅಳಿವೆಗೆ ಕರೆದೊಯ್ದರು. ಹೊರಡುವ ಮುಂಚೆ ಮೇಸ್ತ್ರಿ ಒಂದು ಉದ್ದನೆಯ ಕಬ್ಬಿಣದ ಪೈಪು ತರಿಸಿದ್ದರು, ಹೂತ ಮೇಲೂ ಮೊಣಕೈಯ ಎತ್ತರಕ್ಕೆ ನಿಲ್ಲುವಷ್ಟು ಉದ್ದ. ದಂಡೆಯಲ್ಲಿ ಅದನ್ನು ಎತ್ತಿ ಹಿಡಿಯಲು ನಾಲ್ವರು ದೋಣಿಯವರು. ನನ್ನ ಕೈಯಲ್ಲಿ ಫೋನು. ದೋಣಿ ದಿಬ್ಬಗಳ ಆಚೆ ಸಣ್ಣದಾಗಿ ಕಂಡಿತು. ಬಹಳ ಹೊತ್ತು ಫೋನಿನಲ್ಲಿ ಗಾಳಿಯ ಸದ್ದು ಮಾತ್ರ.

“ಮೇಸ್ತ್ರಿ? ಕೇಳ್ತದಾ?”

“ಕೇಳ್ತದೆ.” ಮತ್ತೆ ಗಾಳಿ. ಆಮೇಲೆ, “ಅಕ್ಕೋರೆ, ಚೆಂದ ಕಾಣ್ತಾಳೆ” ಎಂದರು.

ನಂತರ ಅವರದು ಕೆಲಸದ ದನಿ. “ಪೈಪು ಬಲಕ್ಕೆ ಸರಿಸ್ರಿ. ಇನ್ನೂ. ಒಂದು ಗೇಣು ಹಿಂದೆ. ಅಲ್ಲೇ. ಅಲ್ಲೇ ಹೂಳ್ರಿ.” ಪೀಠದಿಂದ ಹತ್ತು ಹೆಜ್ಜೆ ದೂರದಲ್ಲಿ, ಮೊಣಕೈ ಮತ್ತು ಟಾಂಕಿಯ ಗೆರೆಯಲ್ಲೇ ಆಳವಾಗಿ ಗುಂಡಿ ತೋಡಿ ಹೂತರು. ಕೆಂಪು, ಬಿಳಿ ಪಟ್ಟೆ ಬಳಿದರು. ಸುತ್ತ ಹಾಕಿದ ಕಾಂಕ್ರೀಟಿಗೆ ಮರಳನ್ನು ಮೇಸ್ತ್ರಿ ತಾವೇ ಟೆಂಪೋದಲ್ಲಿ ಮೇಲಿನ ಹೊಳೆಯಿಂದ ತಂದಿದ್ದರು. ಅದರ ಗುರುತು ಹಿಡಿದೇ ದೋಣಿಗಳು ಮಳೆಯವರೆಗೂ ಬಂದುಹೋದವು. ತಾಂಡೇಲರು ಒಂದು ದಿನ ಬಂದು, “ಪೈಪು ಸಮ ಅದೆ” ಎಂದಷ್ಟೇ ಹೇಳಿ ಹೋದರು. ಜನ ಮಾತ್ರ ಮೇಸ್ತ್ರಿಯನ್ನು ಮಾತಾಡಿಸುವುದನ್ನು ಬಿಟ್ಟರು. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಇದ್ದರೂ ನಿಂತು ಬರುತ್ತಿದ್ದರಂತೆ ಕೆಲವರು. ಇದನ್ನು ಅವರು ನನಗೆ ನಗುತ್ತ ಹೇಳಿದರು. ನಗು ಸರಿಯಾಗಿ ಬರಲಿಲ್ಲ.

ಆ ಮಳೆಗಾಲದಲ್ಲಿ ಪಕ್ಕದ ಹಳೆಯ ಸೇತುವೆ ಹೊಳೆಗೆ ಕುಸಿದುಬಿತ್ತು. ಅದಾದ ಮೇಲೆ ಊರಿಗೆ ಯಾವ ಸಿಮೆಂಟಿನ ಮೇಲೂ ನಂಬಿಕೆ ಉಳಿಯಲಿಲ್ಲ. ಮಲಗಿದ್ದ ಫೈಲು ಎದ್ದು ನಡೆಯಿತು. ಮಳೆ ಬಿಟ್ಟ ಕೂಡಲೇ ಆದೇಶವಾಯಿತು. ಮೇಸ್ತ್ರಿಯ ಮೇಲೆ ಕೇಸು ಏನೂ ಆಗಲಿಲ್ಲ. ಗುತ್ತಿಗೆದಾರ ಸತ್ತು ಎಷ್ಟೋ ವರ್ಷವಾಗಿತ್ತು. ಕೇಳುವವರೇ ಇಲ್ಲದ ಮೇಲೆ ತಪ್ಪು ಪೂರ್ತಿ ತಮ್ಮೊಬ್ಬರಿಗೇ ಉಳಿಯಿತು ಎಂಬಂತೆ ಇದ್ದರು.

ಕೆಡವಲು ಮೂರು ದಿನ ಹಿಡಿಯಿತು. ಯಾವ ಸರಳು ಎಲ್ಲಿ ಹೋಗಿದೆ, ಯಾವುದನ್ನು ಮೊದಲು ಕತ್ತರಿಸಿದರೆ ಯಾವ ಭಾಗ ಎತ್ತ ವಾಲುತ್ತದೆ, ಇದು ಅವರೊಬ್ಬರಿಗೇ ಗೊತ್ತಿತ್ತು. ಇಂಜಿನಿಯರು ಅವರಿಗೊಂದು ಹಳದಿ ಹೆಲ್ಮೆಟು ಕೊಟ್ಟು ಕ್ರೇನಿನ ಪಕ್ಕ ನಿಲ್ಲಿಸಿಕೊಂಡರು. ಮೊದಲ ದಿನ ಎತ್ತಿದ ಕೈ. ಎರಡನೇ ದಿನ ತಲೆ. ಬೆಲ್ಟು ಕಟ್ಟಿ ನಿಧಾನಕ್ಕೆ ಇಳಿಸಿ ಮರಳಿನ ಮೇಲೆ ಮಲಗಿಸಿದಾಗ ಯಂತ್ರಗಳೆಲ್ಲ ಒಂದು ಕ್ಷಣ ನಿಂತವು. ದೂರದಲ್ಲಿ ನಿಂತ ಹೆಂಗಸರಲ್ಲಿ ಕೆಲವರು ಅತ್ತರು. ಮೇಸ್ತ್ರಿ ಹತ್ತಿರ ಹೋಗಿ ಹೆಗಲಿನ ಟವೆಲ್ಲು ತೆಗೆದು, ಆ ದೊಡ್ಡ ಕೆನ್ನೆಯ ಮೇಲಿದ್ದ ಹಕ್ಕಿಗಳ ಹಿಕ್ಕೆಯನ್ನು ಒರೆಸಿದರು. ಒಂದು ಕೆನ್ನೆಯಾದ ಮೇಲೆ ಆಚೆ ಬದಿಗೆ ಹೋಗಿ ಇನ್ನೊಂದು. ಆಮೇಲೆ ಹಿಂದೆ ಸರಿದು, ಯಂತ್ರದವನಿಗೆ “ಹೂಂ, ನಡೀಲಿ” ಎಂದರು.

ಮೂರನೇ ದಿನ ಮಧ್ಯಾಹ್ನಕ್ಕೆ ಎಲ್ಲ ಮುಗಿಯಿತು. ಯಾರಿಗೂ ಪೆಟ್ಟಾಗಲಿಲ್ಲ. ಅವರು ನಮ್ಮ ಮನೆಗೆ ಬಂದು, ಬಾವಿಯ ಹತ್ತಿರ ಕೈಕಾಲು ತೊಳೆದು, ತಾವಾಗಿಯೇ ಕೇಳಿದರು: “ಅಕ್ಕೋರೆ, ಗಂಜಿ ಇದ್ರೆ ಸ್ವಲ್ಪ ಕೊಡ್ರಿ.” ಅಷ್ಟು ವರ್ಷದ ಪರಿಚಯದಲ್ಲಿ ಅವರು ನಮ್ಮಲ್ಲಿ ಏನನ್ನೂ ಕೇಳಿ ತಿಂದವರಲ್ಲ. ಗಂಜಿ, ಒಣಸೀಗಡಿಯ ಚಟ್ನಿ, ಮಾವಿನ ಮಿಡಿ ಬಡಿಸಿದೆ. ಎರಡು ಬಟ್ಟಲು ಉಂಡರು. ಉಂಡು ಜಗಲಿಯಲ್ಲಿ ಚಾಪೆಯನ್ನೂ ಹಾಸಿಕೊಳ್ಳದೆ, ತೋಳನ್ನು ತಲೆಗೆ ಇಟ್ಟು ಹಾಗೇ ಒರಗಿದರು. ನಾನು ಪಾತ್ರೆ ಒಳಗಿಟ್ಟು ಬರುವಷ್ಟರಲ್ಲಿ ನಿದ್ದೆ. ಬಾಯಿ ಸ್ವಲ್ಪ ತೆರೆದಿತ್ತು. ಕಾಲಿನ ಬೆರಳುಗಳ ನಡುವೆ ಇನ್ನೂ ಸಿಮೆಂಟಿನ ಪುಡಿ ಇತ್ತು.

ಬಿಸಿಲು ಇಳಿಯಿತು. ಹೊಳೆಯ ಕಡೆಯಿಂದ ಗಾಳಿ ಎದ್ದು ಅಂಗಳದ ಎಲೆಗಳು ಜಗಲಿಗೆ ಬಂದವು. ಕೇರಿಯ ಯಾರೋ ಒಬ್ಬರು ಹಾದುಹೋಗುವಾಗ ಅವರನ್ನು ನೋಡಿ, ಚಪ್ಪಲಿಯ ಸದ್ದಾಗದಂತೆ ಕಾಲಿಡುತ್ತ ಹೋದರು. ದೀಪ ಹಚ್ಚುವ ಹೊತ್ತಾಯಿತು. ಅಂಕೋಲೆಗೆ ಹೋಗುವ ಬಸ್ಸಿಗೆ ಇನ್ನು ಸ್ವಲ್ಪ ಹೊತ್ತೇ ಉಳಿದಿತ್ತು, ಎಬ್ಬಿಸಬೇಕೆಂದು ಹೋಗಿ ಬಾಗಿ ನಿಂತೆ. ಅವರ ಉಸಿರು ಒಂದೇ ಸಮನೆ ಏರಿ ಇಳಿಯುತ್ತಿತ್ತು. ಒಳಗೆ ಹೋಗಿ ಒಂದು ಹೊದಿಕೆ ತಂದು ಹೊದಿಸಿದೆ. ಬಸ್ಸು ಹೋಗಲಿ ಎಂದುಕೊಂಡೆ.